ಕೈರೋನಿಯಾ ಹಲಗೆ: ನೆಲ ಮುಗಿಯಿತು, ಸರಿಸ್ಸಾ ಈಟಿಗಳು ಅರ್ಧ

ಗ್ರೀಸಿನ ಕೈರೋನಿಯಾದಲ್ಲಿ ಮ್ಯಾಸಿಡೋನಿಯಾದ ದೊರೆ ಫಿಲಿಪ್ ಅಥೆನ್ಸ್, ಥೀಬ್ಸ್‌ಗಳ ವಿರುದ್ಧ ಗೆದ್ದ ಕ್ರಿ.ಪೂ. 338ರ ಕದನದ ಮಾದರಿ ಇದು. ಹಲಗೆ 150 × 90 ಸೆಂ.ಮೀ., ನೆಲದ ಅಳತೆ 1 ಮಿ.ಮೀ.ಗೆ 2 ಮೀಟರ್, ಗೊಂಬೆಗಳು 1:72 (ನಿಜದ 72ರಲ್ಲಿ ಒಂದು ಪಾಲು). ನೆಲವನ್ನೂ 1:72ರಲ್ಲೇ ಮಾಡಹೊರಟರೆ 3 ಕಿ.ಮೀ. ಬಯಲಿಗೆ ಸುಮಾರು 42 ಮೀಟರ್ ಹಲಗೆ ಬೇಕು! ಹಾಗಾಗಿ ಪೆಟ್ರಾಕೋಸ್ ಗುಡ್ಡದ ಬುಡದ ಊರಿಗೆ ಆಳೆತ್ತರ 6 ಮಿ.ಮೀ. ಎನ್ನುವ ಅಳತೆಯ ಪುಟ್ಟ ಮನೆಗಳೇ ಗತಿ.

ನೆಲ. ಥರ್ಮಾಕೋಲ್ ಕೊಯ್ದರೆ ಕಾಳುಕಾಳಾಗಿ ಉದುರುತ್ತದೆ, ಎಕ್ಸ್‌ಪಿಎಸ್ (ಕಾಳಿಲ್ಲದ ಗಟ್ಟಿ ಫೋಮ್) ಶೀಟ್ ವಾಸಿ. ಎರಡಕ್ಕೂ ಸ್ಪ್ರೇ ಪೇಂಟ್ ನೇರವಾಗಿ ಬಿದ್ದರೆ ಅದರ ದ್ರಾವಕಕ್ಕೆ ಕರಗಿ ಗುಂಡಿ ಬೀಳುತ್ತದೆ. ಫೆವಿಕಾಲ್‌ಗೆ ಸಮ ನೀರು ಬೆರೆಸಿ ಎರಡು ಕೋಟ್ ಬಳಿದು, ರಾತ್ರಿಯಿಡೀ ಒಣಗಿಸಿ ಆಮೇಲೆ ಬಣ್ಣ. ಕದನ ನಡೆದದ್ದು ಆಗಸ್ಟ್‌ನಲ್ಲಿ. ಹಸಿರು ಹುಲ್ಲು ಹಾಸಿದರೆ ತಪ್ಪು. 2 ಮಿ.ಮೀ. ಉದ್ದದ, ಒಣಗಿದ ಬಣ್ಣದ ಕೃತಕ ಹುಲ್ಲು; ಕೆಫಿಸೋಸ್ ನದಿಯ ದಡದಲ್ಲಷ್ಟೇ ಹಸಿರು.

ಲೆಕ್ಕ. ಪ್ರಾಚೀನ ಇತಿಹಾಸಕಾರ ಡಿಯೊಡೊರಸ್ ಹೇಳುವ ಮ್ಯಾಸಿಡೋನಿಯಾದ ಕಾಲಾಳು 30,000ಕ್ಕೂ ಮೇಲೆ. ಒಬ್ಬರ ಹಿಂದೊಬ್ಬರಂತೆ 16 ಜನರ ಸಾಲುಗಳಲ್ಲಿ ನಿಲ್ಲಿಸಿದರೆ 1,875 ಸಾಲು. ಒಬ್ಬನಿಗೆ ಒಂದು ಮೀಟರ್ ಅಗಲವೆಂದರೆ ಹಲಗೆಯ ಮೇಲೆ 94 ಸೆಂ.ಮೀ. 15 ಮಿ.ಮೀ. ಬೇಸ್ (ಗೊಂಬೆ ನಿಲ್ಲಿಸುವ ತಳಪಟ್ಟಿ) 62, ಬೇಸಿಗೆ ಇಬ್ಬರಂತೆ 124 ಗೊಂಬೆ. ಒಂದು ಗೊಂಬೆ ಎಂದರೆ ಸುಮಾರು 240 ಸೈನಿಕರು. ಈ ಲೆಕ್ಕದಲ್ಲಿ ಥೀಬ್ಸ್‌ನ ಆಯ್ದ 300 ಯೋಧರ 'ಪವಿತ್ರ ದಳ'ಕ್ಕೆ ಒಂದೂಕಾಲು ಗೊಂಬೆ! ಇಲ್ಲಿ ನಿಯಮ ಮುರಿದು ಆರು ಇಡಲಾಗಿದೆ. ಗುರಾಣಿಗೆ ಹೆರಾಕ್ಲೀಸನ ಗದೆಯ ಚಿತ್ರ. ಸ್ಪಾರ್ಟಾದ ಗುರಾಣಿಯ ಲ್ಯಾಂಬ್ಡಾ (Λ) ಅಕ್ಷರ ಬರೆಯುವವರು ನೆನಪಿಡಬೇಕು: ಸ್ಪಾರ್ಟಾ ಈ ಕದನಕ್ಕೆ ಬರಲೇ ಇಲ್ಲ.

ಸರಿಸ್ಸಾ. ಇದೇ ತಲೆನೋವಿನ ಭಾಗ. ಮ್ಯಾಸಿಡೋನಿಯಾದ ಕಾಲಾಳಿನ ಈ 5.5 ಮೀಟರ್ ಈಟಿ ಎಂದರೆ ಗೊಂಬೆಯ ಅಳತೆಯಲ್ಲಿ 76 ಮಿ.ಮೀ. ಅಚ್ಚಿನ ಪ್ಲಾಸ್ಟಿಕ್ ಈಟಿಗಳು ಗಿಡ್ಡ, ಬಾಗುತ್ತವೆ; ಕತ್ತರಿಸಿ ತೆಗೆದು 0.5 ಮಿ.ಮೀ. ಉಕ್ಕಿನ ತಂತಿ. ಮೆದು ಪ್ಲಾಸ್ಟಿಕ್ಕಿಗೆ ಸೂಪರ್ ಗ್ಲೂ ನಿಲ್ಲುವುದಿಲ್ಲ, ಆದ್ದರಿಂದ ಎರಡೂ ಮುಷ್ಟಿಗಳಲ್ಲಿ 0.6 ಮಿ.ಮೀ. ತೂತು ಕೊರೆದು ತಂತಿಯನ್ನು ಪೋಣಿಸಬೇಕು. ಗೊಂಬೆಗಳನ್ನು ಮೊದಲು ಸೋಪು ನೀರಲ್ಲಿ ತೊಳೆಯದಿದ್ದರೆ ಬಣ್ಣ ಸಿಪ್ಪೆಯೇಳುತ್ತದೆ. ತಂತಿ ಕತ್ತರಿಸುವಾಗ ತುಂಡು ಸಿಡಿಯುತ್ತದೆ, ಕನ್ನಡಕ ಬೇಕೇ ಬೇಕು. ಈಟಿಯನ್ನು ನೆಟ್ಟಗೆ ಮುಂದಕ್ಕೆ ಚಾಚಿದರೆ 50 ಮಿ.ಮೀ. ಹೊರಬಂದು ಎದುರಿನ ಬೇಸ್ ಹತ್ತಿರವೇ ಬರಲಾರದು. 45 ಡಿಗ್ರಿ ಎತ್ತಿದರೆ 35ಕ್ಕೆ ಇಳಿಯುತ್ತದೆ. 62ರಲ್ಲಿ 31 ಬೇಸ್ ಆಗಿದೆ.

ಜೋಡಣೆ. ಆರಿಸಿದ ಗಳಿಗೆ: ಫಿಲಿಪ್ ಬೇಕೆಂದೇ ಹಿಂದೆ ಸರಿದು, ಎಡದ ಅಥೆನ್ಸ್‌ನವರು ಅವನ ಬೆನ್ನಟ್ಟಿ, ನದಿಯ ಕಡೆಯ ಥೀಬ್ಸ್‌ನವರೊಂದಿಗೆ ನಂಟು ಕಡಿದಾಗ. ಬಿರುಕಿಗೆ 5 ಸೆಂ.ಮೀ. ಬಿಡಲಾಗಿದೆ. ಫಿಲಿಪ್‌ನ ಮಗ, 18ರ ಹರೆಯದ ಅಲೆಕ್ಸಾಂಡರ್ ಪವಿತ್ರ ದಳವನ್ನು ಮೊದಲು ಭೇದಿಸಿದನೆಂದು ಪ್ರಾಚೀನ ಚರಿತ್ರಕಾರ ಪ್ಲುಟಾರ್ಕ್ ಹೇಳುತ್ತಾನೆ, ಕುದುರೆಯ ಮೇಲೆ ಎಂದು ಹೇಳುವುದಿಲ್ಲ. ಈಟಿಗೋಡೆಗೆ ಕುದುರೆ ನುಗ್ಗದು. ಕುದುರೆಗಳು ಬಿರುಕಿನ ಹಿಂದೆ ನಿಂತಿವೆ.

ಕೈರೋನಿಯಾದಲ್ಲಿರುವ ಸಿಂಹದ ಪ್ರತಿಮೆ ಹಲಗೆಯಲ್ಲಿಲ್ಲ. ಅದು ಕದನದ ನಂತರದ್ದು, ಅದರ ಆವರಣದಲ್ಲಿ ಸಿಕ್ಕ 254 ಅಸ್ಥಿಪಂಜರಗಳು ಪವಿತ್ರ ದಳದವರದ್ದೆಂದೇ ಹೆಚ್ಚಿನವರ ಅಭಿಪ್ರಾಯ. ಮುಂದಿನ ಕೆಲಸ ಕೆಫಿಸೋಸ್ ಬಳಿಯ ಓಕ್ ಮರ: ಅಲೆಕ್ಸಾಂಡರನ ಡೇರೆ ಅದರ ಬಳಿ ಇತ್ತೆಂದು ತನ್ನ ಕಾಲದಲ್ಲೂ ತೋರಿಸುತ್ತಿದ್ದರೆಂದು ಇದೇ ಊರಿನವನಾದ ಪ್ಲುಟಾರ್ಕ್ ಬರೆದಿದ್ದಾನೆ. ತಾಮ್ರದ ತಂತಿ ಹೊಸೆದ ಕಾಂಡ, ಎತ್ತರ 7 ಸೆಂ.ಮೀ.