ಸಂಭಾಷಣೆ ಬಾಯಿಪಾಠ ಮಾಡುವುದು ಯಾವಾಗ?

ಹೈಸ್ಕೂಲಿನಲ್ಲಿ ನಾಟಕವನ್ನು ಒಂದು ವಿಷಯವಾಗಿ ತೆಗೆದುಕೊಂಡ ಮಕ್ಕಳೂ ಅವರ ಪೋಷಕರೂ ತಪ್ಪದೆ ಕೇಳುವ ಪ್ರಶ್ನೆ ಇದು. ನನ್ನ ಉತ್ತರ: ರಂಗದ ಮೇಲೆ ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೆಯಬೇಕು ಎಂಬುದು ಗೊತ್ತಾಗುವ ತನಕ ಬೇಡ.

ಪಾತ್ರ ಸಿಕ್ಕಿದ ರಾತ್ರಿಯೇ ಉರು ಹೊಡೆದವರು ಮಾತಿನ ಜೊತೆಗೆ ಅದರ ರಾಗವನ್ನೂ ಉರು ಹೊಡೆದಿರುತ್ತಾರೆ. ಆಮೇಲೆ ಎದುರಿನವರು ಪಿಸುಗುಟ್ಟಲಿ, ಕೂಗಲಿ, ಇವರ ಉತ್ತರ ಅದೇ ಧಾಟಿಯಲ್ಲಿ ಬರುತ್ತದೆ. ಆ ರಾಗ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಮೊದಲು ಎಲ್ಲರೂ ಕೂತು ಇಡೀ ನಾಟಕ ಓದಬೇಕು. ಎರಡನೇ ಓದಿನಲ್ಲಿ ಪ್ರತಿ ದೃಶ್ಯದ ಪಕ್ಕ ಒಂದು ಸಾಲು ಬರೆಯಿರಿ: ನನ್ನ ಪಾತ್ರಕ್ಕೆ ಎದುರಿನವರಿಂದ ಏನು ಬೇಕು? ‘ದುಃಖವಾಗಿದೆ’ ಎಂದು ಬರೆದರೆ ಮಾಡಲು ಏನೂ ಉಳಿಯುವುದಿಲ್ಲ, ಮುಖ ಸಪ್ಪೆ ಮಾಡಿಕೊಂಡು ನಿಲ್ಲಬೇಕಷ್ಟೆ. ‘ಅಣ್ಣ ಮನೆ ಬಿಟ್ಟು ಹೋಗದಂತೆ ತಡೆಯಬೇಕು’ ಎಂದು ಬರೆದರೆ ಕೈಕಾಲಿಗೂ ಕೆಲಸ ಸಿಗುತ್ತದೆ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದವರಲ್ಲೊಬ್ಬರಾದ ಸ್ತಾನಿಸ್ಲಾವ್‌ಸ್ಕಿ ನಟನೆಯ ಪಾಠಕ್ಕೆ ಬುನಾದಿ ಮಾಡಿಕೊಂಡದ್ದು ಪಾತ್ರದ ಈ ಬಯಕೆಯನ್ನೇ.

ಆಮೇಲೆ ಪುಸ್ತಕ ಹಿಡಿದುಕೊಂಡೇ ಚಲನೆ ಕೂಡಿಸಿ. ಪೆನ್ಸಿಲಿನಲ್ಲೇ ಬರೆದುಕೊಳ್ಳಿ, ಅದು ಬದಲಾಗುತ್ತಲೇ ಇರುತ್ತದೆ. ರಂಗದ ಎಡ-ಬಲ ಎಂದರೆ ಪ್ರೇಕ್ಷಕರಿಗೆ ಮುಖ ಮಾಡಿ ನಿಂತ ನಟರ ಎಡ-ಬಲ. ನಾಲ್ಕಾರು ಸಲ ನಡೆದಾಡುವಷ್ಟರಲ್ಲಿ ಬಹಳಷ್ಟು ಮಾತು ತಾನಾಗಿ ನಾಲಿಗೆಗೆ ಬಂದಿರುತ್ತದೆ. ಉಳಿದದ್ದನ್ನು ಒಮ್ಮೆಗೆ ಅರ್ಧ ಪುಟದಂತೆ, ಏರಿಳಿತವಿಲ್ಲದೆ, ಎದುರಿನ ಪಾತ್ರದ ಮಾತನ್ನು ಬೇರೆಯವರಿಂದ ಓದಿಸಿಕೊಂಡು ಕಲಿಯಿರಿ. ತಮ್ಮ ಮಾತನ್ನಷ್ಟೇ ಕಲಿತವರು ಯಾವಾಗ ಬಾಯಿ ತೆರೆಯಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಾರೆ.

ಮಾತು ಬಂದರೂ ಹಿಂದಿನ ಸಾಲಿಗೆ ಕೇಳಿಸದೆ ಹೋಗುವುದುಂಟು. ‘ಜೋರಾಗಿ ಹೇಳು’ ಎಂದರೆ ಮಕ್ಕಳು ಕಿರುಚುತ್ತಾರೆ, ಗಂಟಲು ಕಟ್ಟುತ್ತದೆ. ನಿಜವಾಗಿ ಕಳೆದುಹೋಗುತ್ತಿರುವುದು ವಾಕ್ಯದ ಬಾಲ, ಉಸಿರು ಮುಗಿಯುವ ಜಾಗ. ಕನ್ನಡದಲ್ಲಿ ಕ್ರಿಯಾಪದ, ‘ಇಲ್ಲ’, ‘ಬೇಡ’ ಎಲ್ಲವೂ ಕೂತಿರುವುದು ಅಲ್ಲೇ. ‘ನಾನು ಅವನನ್ನು ನೋಡಲೇ ಇಲ್ಲ’ ಎಂಬುದರ ಕೊನೆ ನುಂಗಿದರೆ ನೋಡಿದ್ದೋ ಬಿಟ್ಟದ್ದೋ ಯಾರಿಗೂ ತಿಳಿಯದು. ಭುಜ ಏರಿಸದೆ, ಕೆಳಗಿನ ಪಕ್ಕೆಲುಬುಗಳು ಹಿಗ್ಗುವಂತೆ ಮೂಗಿನಿಂದ ಉಸಿರು ತುಂಬಿಕೊಳ್ಳಿ. 15 ಎಣಿಸುವ ತನಕ ‘ಸ್ಸ್’ ಎನ್ನುತ್ತಾ ಸಮವಾಗಿ ಬಿಡಿ, ದಿನಕ್ಕೆ ಐದು ಸಲ ಸಾಕು. ತಲೆ ಸುತ್ತಿದರೆ ನಿಲ್ಲಿಸಿ. ಉದ್ದದ ಮಾತಿದ್ದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಪುಸ್ತಕದಲ್ಲಿ ಗೀಟು ಹಾಕಿಕೊಳ್ಳಿ.

ಪುಸ್ತಕ ಕೆಳಗಿಡಲು ಗಡುವಂತೂ ಬೇಕೇ ಬೇಕು. ಆರು ವಾರದ ತಾಲೀಮಾದರೆ ಮೂರನೆಯ ವಾರದ ಕೊನೆ ಸರಿಯಾದ ಸಮಯ. ಅಲ್ಲಿಂದ ಮುಂದೆ ತಾಲೀಮಿನಲ್ಲಿ ಮರೆತರೆ ಪಾತ್ರ ಬಿಟ್ಟು ‘ಸಾರಿ’ ಎನ್ನಬೇಡಿ. ನಿಂತಲ್ಲೇ ನಿಂತು ‘ಲೈನ್’ ಎನ್ನಿ. ಪುಸ್ತಕ ನೋಡಿ ಮಾತು ನೆನಪಿಸಿಕೊಡುವ ಪ್ರಾಂಪ್ಟರ್ ಮೊದಲ ಎರಡು ಪದ ಓದಲಿ, ದೃಶ್ಯ ಮುಂದುವರಿಯಲಿ.