ಭಾನುವಾರದ ಪರೀಕ್ಷಾ ಪುಟ: ಲಿಬ್ರೆಆಫೀಸ್‌ನಲ್ಲಿ ಕನ್ನಡ, ಒಂಬತ್ತು ವಾರಗಳ ಕೆಲಸದ ದಾಖಲೆ

ಪತ್ರ, ಲೆಕ್ಕಪಟ್ಟಿ ಮುಂತಾದವನ್ನು ತಯಾರಿಸುವ ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್‌ನ ಹೊಸ ಆವೃತ್ತಿಗಳು ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಆಗಸ್ಟ್ ತಿಂಗಳುಗಳ ಸುಮಾರಿಗೆ ಬಿಡುಗಡೆಯಾಗುತ್ತವೆ. ಅದಕ್ಕೆ ಮುಂಚಿನ ವಾರಗಳಲ್ಲಿ ಆಲ್ಫಾ, ಬೀಟಾ ಮತ್ತು ರಿಲೀಸ್ ಕ್ಯಾಂಡಿಡೇಟ್ ಎಂಬ ಹೆಸರಿನ ಪೂರ್ವಾವೃತ್ತಿಗಳು ಒಂದರ ಹಿಂದೆ ಒಂದರಂತೆ ಹೊರಬರುತ್ತವೆ. ಅವುಗಳನ್ನು ಯಾರು ಬೇಕಾದರೂ ಇಳಿಸಿಕೊಂಡು, ಬಳಸಿ ನೋಡಿ, ಕಂಡ ದೋಷಗಳನ್ನು ವರದಿ ಮಾಡಬಹುದು. ಆಗಸ್ಟ್ ಆವೃತ್ತಿ ಬರುವುದರೊಳಗೆ ಕನ್ನಡದ ಮಟ್ಟಿಗೆ ಈ ಕೆಲಸವನ್ನು ಕ್ರಮವಾಗಿ ಮಾಡಬೇಕೆಂದು ನಾವು ಐದು ಮಂದಿ ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಸೇರುತ್ತಿದ್ದೇವೆ. ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು, ಒಬ್ಬರು ಇಪ್ಪತ್ತು ವರ್ಷಗಳಿಂದ ಡಿಟಿಪಿ ಕೆಲಸ ಮಾಡುತ್ತಿರುವ ಅಕ್ಕ, ಒಬ್ಬ ಮಂಡ್ಯದಿಂದ ರೈಲಿನಲ್ಲಿ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿ, ಇನ್ನೊಬ್ಬರು ಸಹಕಾರ ಸಂಘವೊಂದರ ಲೆಕ್ಕ ಬರೆಯುವ ನನ್ನ ಗೆಳೆಯ. ಪ್ರೋಗ್ರಾಂ ಬರೆಯಲು ಬಲ್ಲವನು ಆ ವಿದ್ಯಾರ್ಥಿಯೊಬ್ಬನೇ.

ಮೊದಲ ಭಾನುವಾರ ಅನುಸ್ಥಾಪನೆಯಲ್ಲೇ ಕಳೆಯಿತು. ಆಲ್ಫಾ ಮತ್ತು ಬೀಟಾ ಆವೃತ್ತಿಗಳು ಲಿಬ್ರೆಆಫೀಸ್‌ಡೆವ್ ಎಂಬ ಬೇರೆ ಹೆಸರಿನಲ್ಲಿ, ಬೇರೆ ಜಾಗದಲ್ಲಿ ಸ್ಥಾಪನೆಗೊಳ್ಳುವುದರಿಂದ ದಿನನಿತ್ಯ ಬಳಸುವ ಆವೃತ್ತಿಗೆ ಏನೂ ಆಗುವುದಿಲ್ಲ. ಈ ಮಾತು ಖಚಿತವಾಗುವವರೆಗೆ ಅಕ್ಕ ತಮ್ಮ ಲ್ಯಾಪ್‌ಟಾಪನ್ನು ಮುಟ್ಟಗೊಡಲಿಲ್ಲ, ಮತ್ತು ಅವರು ಹಾಗೆ ಮಾಡಿದ್ದು ಸರಿಯೇ, ಏಕೆಂದರೆ ಮರುದಿನ ಮುದ್ರಣಕ್ಕೆ ಹೋಗಬೇಕಾದ ಪುಟಗಳು ಅದರಲ್ಲಿದ್ದವು. ರಿಲೀಸ್ ಕ್ಯಾಂಡಿಡೇಟ್‌ಗಳ ವಿಷಯ ಹಾಗಲ್ಲ. ಅವು ಇರುವ ಆವೃತ್ತಿಯ ಮೇಲೆಯೇ ಕೂರುತ್ತವೆ. ಆದ್ದರಿಂದ ಆ ಹಂತ ಬಂದಾಗ ಬಿಡುವಾಗಿರುವ ಎರಡು ಯಂತ್ರಗಳಲ್ಲಿ ಮಾತ್ರ ಅವನ್ನು ಹಾಕುವುದೆಂದು ಅಂದೇ ತೀರ್ಮಾನಿಸಿದೆವು.

ಎರಡನೆಯ ವಾರ ಅಕ್ಕ ತಂದ ಹಳೆಯ ಕಡತಗಳನ್ನು ತೆರೆದಾಗ ಪರದೆಯ ತುಂಬ ರೋಮನ್ ಅಕ್ಷರಗಳೂ ಅರ್ಥವಾಗದ ಚಿಹ್ನೆಗಳೂ ಕಾಣಿಸಿದವು. ಇದನ್ನು ದೋಷವೆಂದು ಬರೆದುಕೊಳ್ಳಲು ಹೊರಟಿದ್ದೆವು. ಆದರೆ ಅವು, ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಮುಂಚಿನ ಪದ್ಧತಿಯ ಕಡತಗಳು. ಅಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಾರೆ, ಆ ನಿರ್ದಿಷ್ಟ ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣುವುದೇ ಇಲ್ಲ. ತಂತ್ರಾಂಶದ ಪಾಲಿಗೆ ಅದು ಕನ್ನಡ ಪಠ್ಯವೇ ಅಲ್ಲ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಮೇಷ್ಟ್ರಿಂದ ಕರಡು ತಿದ್ದಿಸಿದ ಮೇಲಷ್ಟೇ ಪರೀಕ್ಷೆಗೆ ಬಳಸಿಕೊಂಡೆವು.

ಮೂರನೆಯ ವಾರ ತಯಾರಾದದ್ದು ನಮ್ಮ ಪರೀಕ್ಷಾ ಪುಟ. ಈವರೆಗಿನ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ ಎಂದು ನನ್ನ ಅಭಿಪ್ರಾಯ. ಇಡೀ ಕಾಗುಣಿತವನ್ನು ತುಂಬುವ ಬದಲು, ಸಾಮಾನ್ಯವಾಗಿ ತೊಂದರೆ ಕೊಡುವ ರೂಪಗಳನ್ನಷ್ಟೇ ಆರಿಸಿಕೊಂಡೆವು. ಎರಡು ಒತ್ತುಗಳು ಒಟ್ಟಿಗೆ ಬರುವ ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ ಇತ್ಯಾದಿ ಪದಗಳು. ಅರ್ಕಾವತ್ತಿನೊಡನೆ ಇನ್ನೊಂದು ಒತ್ತೂ ಸೇರುವ ಸಾಮರ್ಥ್ಯ, ಅರ್ಘ್ಯ. ಅರ್ಕಾವತ್ತು ಬರಬಾರದ, ರಕಾರ ಪೂರ್ಣರೂಪದಲ್ಲೇ ನಿಂತು ಯಕಾರ ಒತ್ತಾಗಬೇಕಾದ ರ‍್ಯಾಂಕ್, ರ‍್ಯಾಲಿ. ಒತ್ತಾಗದೆ ಬಿಡಿಯಾಗಿ ನಿಲ್ಲಬೇಕಾದ ಸಾಫ್ಟ್‌ವೇರ್. ಈ ಕೊನೆಯ ಎರಡು ಬಗೆಗಳಲ್ಲಿ ಕಣ್ಣಿಗೆ ಕಾಣದ ಜೋಡಕ ಅಥವಾ ಬೇರ್ಪಡಿಸುವ ಅಕ್ಷರವೊಂದು ನಡುವೆ ಇರುತ್ತದೆ. ಅದು ನಕಲು ಮಾಡುವಾಗ, ಉಳಿಸುವಾಗ, ಬೇರೆ ಕಡತ ಪ್ರಕಾರಕ್ಕೆ ಬದಲಿಸುವಾಗ ಕಳೆದುಹೋಗುತ್ತದೆಯೇ ಎಂದು ನೋಡುವುದು ಮುಖ್ಯ. ಮೇಷ್ಟ್ರ ಒತ್ತಾಯದ ಮೇಲೆ ಹಳಗನ್ನಡದ ಱ ಮತ್ತು ೞ ಅಕ್ಷರಗಳಿಗೂ ಒಂದು ಸಾಲು ಕೊಟ್ಟೆವು. ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ ಎಂದು ತಿಳಿದಾಗ ಅವರಿಗೆ ನಿಜವಾಗಿ ನೋವಾಯಿತು.

ಇನ್ನೊಂದು ಸಾಲು ಕಾಣಲು ಒಂದೇ ಆಗಿದ್ದು ಒಳಗೆ ಬೇರೆಯಾಗಿರುವ ಪದಗಳದು. 'ಕೊ' ಎಂಬಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದೇ ಪರಿಗಣಿಸುತ್ತದೆ. ಒಂದು ರೂಪದಲ್ಲಿ ಬರೆದದ್ದನ್ನು ಇನ್ನೊಂದು ರೂಪದಲ್ಲಿ ಹುಡುಕಿದರೆ ಸಿಗುತ್ತದೆಯೇ ಎಂಬುದು ಪರೀಕ್ಷೆ. ಪರದೆಯ ಮೇಲೆ ಎರಡನ್ನೂ ಪ್ರತ್ಯೇಕಿಸಲಾಗದ ಕಾರಣ, ಲಿಬ್ರೆಆಫೀಸ್‌ನ ಬರವಣಿಗೆಯ ಭಾಗವಾದ ರೈಟರ್‌ನಲ್ಲಿ ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಅದರ ಯೂನಿಕೋಡ್ ಸಂಖ್ಯೆಯನ್ನು ನೋಡಿ ಬರೆದುಕೊಳ್ಳುವ ಅಭ್ಯಾಸ ಈಗ ಎಲ್ಲರಿಗೂ ಆಗಿದೆ.

ನಾಲ್ಕನೆಯ ಮತ್ತು ಐದನೆಯ ವಾರಗಳನ್ನು ಒಂದೇ ಪದ ತಿಂದಿತು. 'ಸಾಮರ್ಥ್ಯ' ಪದದಲ್ಲಿ ಯಕಾರದ ಒತ್ತು ಬಲಕ್ಕೆ ಚಾಚಿ ಮೇಲಕ್ಕೆ ಏಳುತ್ತದೆ. ಅದರ ಆಚೆಗೆ ಅರ್ಕಾವತ್ತು ನಿಲ್ಲಬೇಕು. ವಿದ್ಯಾರ್ಥಿಯ ಯಂತ್ರದಲ್ಲಿ ಇವೆರಡೂ ಒಂದರ ಮೇಲೊಂದು ಬಿದ್ದು ಮಸಿ ಹರಡಿದಂತೆ ಕಾಣುತ್ತಿತ್ತು. ಅವನು, "ಓದೋಕೆ ಆಗುತ್ತಲ್ಲ ಮೇಷ್ಟ್ರೇ, ಇದನ್ನೂ ವರದಿ ಮಾಡಬೇಕಾ?" ಎಂದು ಕೇಳಿದ. ಅವರು, "ನಿನಗೆ ಪದ ಗೊತ್ತು, ಅದಕ್ಕೇ ಓದಿದೆ ಕಣಪ್ಪ. ಮೂರನೇ ಕ್ಲಾಸಿನ ಮಗು ಇದನ್ನ ನೋಡಿ ಬರೆಯೋದು ಕಲಿತರೆ?" ಎಂದರು. ವರದಿ ಮಾಡುವುದು ನಿಶ್ಚಯವಾಯಿತು, ಆದರೆ ಯಾರಿಗೆ?

ಇಲ್ಲಿ ತಪ್ಪು ಲಿಬ್ರೆಆಫೀಸ್‌ನದೂ ಆಗಿರಬಹುದು, ಫಾಂಟಿನದೂ ಆಗಿರಬಹುದು, ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶದ್ದೂ ಆಗಿರಬಹುದು. ಲಿಬ್ರೆಆಫೀಸ್ 2017ರ 5.3 ಆವೃತ್ತಿಯಿಂದ ಎಲ್ಲ ಕಾರ್ಯಾಚರಣಾ ವ್ಯವಸ್ಥೆಗಳಲ್ಲೂ ಹಾರ್ಫ್‌ಬಝ್ ಅನ್ನೇ ಬಳಸುತ್ತದೆ. ಫೈರ್‌ಫಾಕ್ಸ್ ಕೂಡ ಅದನ್ನೇ ಬಳಸುತ್ತದೆ. ಅದೇ ಪದವನ್ನು ಅದೇ ಫಾಂಟಿನಲ್ಲಿ ಫೈರ್‌ಫಾಕ್ಸ್‌ನಲ್ಲಿ ತೆರೆದಾಗ ಅದೇ ಡಿಕ್ಕಿ ಕಾಣಿಸಿತು, ಆದ್ದರಿಂದ ಲಿಬ್ರೆಆಫೀಸ್ ಮೇಲಿನ ಅನುಮಾನ ಕಡಿಮೆಯಾಯಿತು. ಹಾರ್ಫ್‌ಬಝ್ ಜೊತೆಗೆ ಬರುವ, ಪಠ್ಯವನ್ನು ನೇರವಾಗಿ ಚಿತ್ರವಾಗಿಸಿ ತೋರಿಸುವ ಸಣ್ಣ ಸಾಧನದಲ್ಲೂ ಫಲಿತಾಂಶ ಬದಲಾಗಲಿಲ್ಲ. ಕೊನೆಗೆ ಫಾಂಟನ್ನು ನೋಟೋ ಸೆರಿಫ್ ಕನ್ನಡಕ್ಕೆ ಬದಲಿಸಿದಾಗ ಮೂರು ಕಡೆಯೂ ಪದ ಸರಿಯಾಗಿ ಮೂಡಿತು. ಹೀಗೆ ದೋಷ ಆ ಮೊದಲಿನ ಫಾಂಟಿನದೆಂದು ಸ್ಪಷ್ಟವಾಯಿತು, ಮತ್ತು ವರದಿ ಅದರ ನಿರ್ವಾಹಕರಿಗೆ ಹೋಯಿತು.

ವರದಿಯನ್ನು ಬರೆಯಲು ಒಂದಿಡೀ ಬೆಳಗು ಹಿಡಿಯಿತು. ಅದನ್ನು ಓದುವವರಿಗೆ ಕನ್ನಡ ಬಾರದೇ ಇರಬಹುದು. ಅವರಿಗೆ ನಮ್ಮ ಚಿತ್ರದಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬುದೇ ತಿಳಿಯದೆ ಹೋಗಬಹುದು. ಹಾಗಾಗಿ ತಪ್ಪು ರೂಪದ ಚಿತ್ರದ ಪಕ್ಕದಲ್ಲಿ ಸರಿಯಾದ ರೂಪದ ಚಿತ್ರವನ್ನಿಟ್ಟು, ಮೇಷ್ಟ್ರು ಕೈಯಲ್ಲಿ ಬರೆದದ್ದನ್ನೂ ಸೇರಿಸಿ, ಪದದ ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು ಕ್ರಮವಾಗಿ ಕೊಟ್ಟು, ಯಾವ ಭಾಗ ಯಾವುದಕ್ಕೆ ತಾಗುತ್ತಿದೆ ಎಂಬುದಕ್ಕೆ ಬಾಣ ಹಾಕಿದೆವು. ಕನ್ನಡ ಓದಬಲ್ಲವರು ಮಾತ್ರ ಕಾಣಬಲ್ಲ ತಪ್ಪನ್ನು ಕನ್ನಡ ಓದಲಾರದವರೂ ಕಾಣುವಂತೆ ಮಾಡುವುದೇ ನಮ್ಮಂಥ ಸ್ವಯಂಸೇವಕರು ಕೊಡಬಹುದಾದ ಸಹಾಯ ಎಂಬುದು ಆ ಬೆಳಗಿನಲ್ಲಿ ನನಗೆ ಮನದಟ್ಟಾಯಿತು.

ಆರನೆಯ ವಾರ ನನ್ನಿಂದ ಒಂದು ತಪ್ಪು ನಡೆಯುವುದರಲ್ಲಿತ್ತು. ವಿಂಗಡಣೆಯ ಪರೀಕ್ಷೆಗೆಂದು ಗೆಳೆಯ ತಂದಿದ್ದ ಸದಸ್ಯರ ಪಟ್ಟಿಯನ್ನು, ಹೆಸರು ಮತ್ತು ಫೋನ್ ನಂಬರುಗಳ ಸಮೇತ, ವರದಿಯ ಕರಡಿಗೆ ಲಗತ್ತಿಸಿಬಿಟ್ಟಿದ್ದೆ. ದೋಷಗಳನ್ನು ವರದಿ ಮಾಡುವ ಜಾಲತಾಣವಾದ ಬಗ್‌ಜಿಲ್ಲಾದಲ್ಲಿ ಹಾಕಿದ ಲಗತ್ತುಗಳು ಎಲ್ಲರಿಗೂ ಕಾಣುತ್ತವೆ. ಕಳುಹಿಸುವ ಗುಂಡಿ ಒತ್ತುವ ಮೊದಲು ಅಕ್ಕ ಗಮನಿಸಿ ತಡೆದರು. ಅಂದಿನಿಂದ ಯಾರೊಬ್ಬರ ನಿಜವಾದ ಕಡತವನ್ನೂ ಲಗತ್ತಿಸುವುದಿಲ್ಲ. ದೋಷ ಕಾಣಿಸಲು ಬೇಕಾದ ಮೂರು ನಾಲ್ಕು ಸಾಲುಗಳನ್ನು ಹೊಸ ಕಡತದಲ್ಲಿ ಹೊಸದಾಗಿ ಟೈಪ್ ಮಾಡುತ್ತೇವೆ, ಮತ್ತು ಪ್ರತಿ ವರದಿಯನ್ನು ಇನ್ನೊಬ್ಬರು ಓದದೆ ಕಳುಹಿಸುವುದಿಲ್ಲ.

ವಿಂಗಡಣೆಗೆ ಸದಸ್ಯರ ಬದಲು ಊರುಗಳು ಬಂದವು: ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರು, ಜೊತೆಗೆ ಮಹದೇವಪುರ. ಮಹದೇವಪುರವನ್ನು ಸೇರಿಸಿದ್ದಕ್ಕೆ ಕಾರಣವಿದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ, ಕೊನೆಯಲ್ಲಿ ಬರುತ್ತದೆ. ಯೂನಿಕೋಡ್ ಸಂಖ್ಯೆಗಳ ಸಾಲಿನಲ್ಲಿ ಅದು ಲಕಾರದ ಪಕ್ಕದಲ್ಲೇ ಕೂತಿದೆ. ಬರೀ ಸಂಖ್ಯೆಯನ್ನು ನೋಡಿ ಜೋಡಿಸಿದರೆ ಮಳವಳ್ಳಿ ಮೊದಲು, ಮಹದೇವಪುರ ಆಮೇಲೆ. ಕನ್ನಡದ ಕ್ರಮವನ್ನು ಬಲ್ಲ ತಂತ್ರಾಂಶವಾದರೆ ಮಹದೇವಪುರ ಮೊದಲು ಬರಬೇಕು. ಲಿಬ್ರೆಆಫೀಸ್‌ನ ಲೆಕ್ಕಪಟ್ಟಿಯ ಭಾಗವಾದ ಕ್ಯಾಲ್ಕ್‌ನಲ್ಲಿ ವಿಂಗಡಣೆಯ ಭಾಷೆಯನ್ನು ಕನ್ನಡವೆಂದು ಆರಿಸಿದಾಗ ಕೃಷ್ಣರಾಜಪೇಟೆಯಿಂದ ಶ್ರೀರಂಗಪಟ್ಟಣದವರೆಗೆ ಎಲ್ಲವೂ ನಿಘಂಟಿನ ಕ್ರಮದಲ್ಲೇ ನಿಂತವು. ಸರಿಯಾಗಿದೆ ಎಂಬ ಫಲಿತಾಂಶವನ್ನೂ ಆವೃತ್ತಿಯ ವಿವರದೊಡನೆ ನಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಮುಂದೊಂದು ದಿನ ಇದು ಕೆಟ್ಟರೆ, ಯಾವಾಗ ಸರಿಯಿತ್ತು ಎಂಬುದಕ್ಕೆ ಆಧಾರ ಬೇಕು.

ಏಳನೆಯ ವಾರದಿಂದ ಇತರರ ವರದಿಗಳನ್ನೂ ನೋಡಲು ತೊಡಗಿದ್ದೇವೆ. ಹೊಸ ವರದಿಯೊಂದು ಬಂದಾಗ ಅದು 'ದೃಢಪಡದ' ಸ್ಥಿತಿಯಲ್ಲಿರುತ್ತದೆ. ವರದಿ ಮಾಡಿದವರಲ್ಲದೆ ಬೇರೆಯವರೊಬ್ಬರು ತಮ್ಮ ಯಂತ್ರದಲ್ಲಿ ಅದೇ ಹೆಜ್ಜೆಗಳನ್ನಿಟ್ಟು ಅದೇ ದೋಷವನ್ನು ಕಂಡರೆ ಮಾತ್ರ ಅದು 'ಹೊಸದು' ಎಂಬ ಮುಂದಿನ ಸ್ಥಿತಿಗೆ ಏರುತ್ತದೆ. ಇದಕ್ಕೆ ಪ್ರೋಗ್ರಾಂ ಜ್ಞಾನ ಬೇಡ, ತಾಳ್ಮೆ ಸಾಕು. ಲೆಕ್ಕದ ಗೆಳೆಯ ಈ ಕೆಲಸದಲ್ಲಿ ನಮ್ಮೆಲ್ಲರಿಗಿಂತ ನಿಷ್ಠುರ: ಹೆಜ್ಜೆಯೊಂದು ಅಸ್ಪಷ್ಟವಾಗಿದ್ದರೆ ಊಹಿಸಿಕೊಂಡು ಮುಂದೆ ಹೋಗುವುದಿಲ್ಲ, ವರದಿದಾರರನ್ನೇ ಕೇಳುತ್ತಾರೆ. ದೋಷ ಕಾಣಿಸದಿದ್ದರೆ ತಮ್ಮ ಆವೃತ್ತಿಯ ಪೂರ್ಣ ವಿವರವನ್ನು ನಕಲಿಸಿ ಹಾಕುತ್ತಾರೆ. ತಮಗೆ ಕಂಡ ದೋಷ ತಮ್ಮ ಸೆಟ್ಟಿಂಗ್‌ಗಳಿಂದ ಬಂದದ್ದೇ ಎಂಬ ಅನುಮಾನವಿದ್ದರೆ, ಆ ಸೆಟ್ಟಿಂಗ್‌ಗಳನ್ನು ಬದಿಗಿಡುವ ಸುರಕ್ಷಿತ ಸ್ಥಿತಿಯಲ್ಲಿ ಮತ್ತೆ ತೆರೆದು ನೋಡುತ್ತಾರೆ.

ವಿದ್ಯಾರ್ಥಿಗೆ ಆಸಕ್ತಿ ಇದ್ದದ್ದು ಬಿಬಿಸೆಕ್ಟ್‌ನಲ್ಲಿ. ಮೊದಲು ಸರಿಯಿದ್ದು ಆಮೇಲೆ ಕೆಟ್ಟ ಸಂಗತಿ ಯಾವ ಬದಲಾವಣೆಯಿಂದ ಕೆಟ್ಟಿತೆಂದು ಪತ್ತೆಹಚ್ಚಲು, ಎರಡು ಆವೃತ್ತಿಗಳ ನಡುವಿನ ನೂರಾರು ಸಿದ್ಧ ನಿರ್ಮಾಣಗಳ (ತೆರೆದು ಬಳಸಲು ಸಿದ್ಧವಾದ ತಂತ್ರಾಂಶದ ಪ್ರತಿಗಳ) ಭಂಡಾರವನ್ನೇ ಇಳಿಸಿಕೊಂಡು, ನಡುವಿನದನ್ನು ತೆರೆದು ನೋಡಿ, ಅರ್ಧವನ್ನು ಬಿಟ್ಟು ಉಳಿದರ್ಧದ ನಡುವಿನದನ್ನು ತೆರೆಯುತ್ತಾ ಹೋಗಬೇಕು. ಸಾವಿರ ನಿರ್ಮಾಣಗಳಿದ್ದರೂ ಹತ್ತು ಹೆಜ್ಜೆಗಳಲ್ಲಿ ಮುಗಿಯುತ್ತದೆ. "ನಿಘಂಟಿನಲ್ಲಿ ಪದ ಹುಡುಕಿದ ಹಾಗೆ," ಎಂದರು ಮೇಷ್ಟ್ರು. ಅಭ್ಯಾಸಕ್ಕೆಂದು, ಈಗಾಗಲೇ ಪರಿಹಾರವಾಗಿ ಉತ್ತರ ತಿಳಿದಿರುವ ಹಳೆಯ ವರದಿಯೊಂದನ್ನು ತೆಗೆದುಕೊಂಡೆವು. ಮೊದಲ ಸಲ ಬೇರೆಯದೇ ಬದಲಾವಣೆಗೆ ತಲುಪಿದೆವು, ಏಕೆಂದರೆ ನಾಲ್ಕನೆಯ ಹೆಜ್ಜೆಯಲ್ಲಿ ಕೆಟ್ಟದ್ದನ್ನು ಸರಿ ಎಂದು ಗುರುತಿಸಿದ್ದೆವು. ಒಂದು ತಪ್ಪು ಗುರುತಿನಿಂದ ಮುಂದಿನ ಹೆಜ್ಜೆಗಳೆಲ್ಲ ವ್ಯರ್ಥವಾಗುತ್ತವೆ. ಎರಡನೆಯ ಸಲ ಒಬ್ಬರು ನೋಡಿ ಹೇಳುವುದು, ಇನ್ನೊಬ್ಬರು ನೋಡಿ ಒಪ್ಪುವುದು ಎಂದು ಮಾಡಿಕೊಂಡಾಗ ಸರಿಯಾದ ಉತ್ತರವೇ ಬಂತು.

ಒಂಬತ್ತನೆಯ ವಾರದ ಹೊತ್ತಿಗೆ ಫಾಂಟಿನ ನಿರ್ವಾಹಕರಿಂದ ಉತ್ತರ ಬಂದಿದೆ. ಅರ್ಕಾವತ್ತನ್ನು ಬಲಕ್ಕೆ ಸರಿಸಿದ ಪ್ರಾಯೋಗಿಕ ಕಡತವನ್ನು ಕಳುಹಿಸಿ, ಇದೇ ಬಗೆಯ ಬೇರೆ ಪದಗಳನ್ನೂ ನೋಡಿ ತಿಳಿಸಲು ಕೇಳಿದ್ದಾರೆ. ಸಾಮರ್ಥ್ಯ ಈಗ ಸರಿಯಾಗಿದೆ. ಅರ್ಘ್ಯದಲ್ಲಿ ಇನ್ನೂ ಕೂದಲೆಳೆಯಷ್ಟು ತಾಗುತ್ತಿದೆ ಎಂದು ಅಕ್ಕ ಹೇಳುತ್ತಾರೆ, ಪರದೆಯ ಮೇಲೆ ನನಗದು ಕಾಣುತ್ತಿಲ್ಲ. ಬರುವ ಭಾನುವಾರ ಅವರ ಅಂಗಡಿಯ ಲೇಸರ್ ಪ್ರಿಂಟರಿನಲ್ಲಿ ಎಂಟು, ಹತ್ತು ಮತ್ತು ಹನ್ನೆರಡು ಪಾಯಿಂಟ್ ಗಾತ್ರಗಳಲ್ಲಿ ಪುಟವನ್ನು ತೆಗೆದು, ಮೇಷ್ಟ್ರ ಭೂತಗನ್ನಡಿಯಲ್ಲಿ ನೋಡಿ ಉತ್ತರ ಬರೆಯುತ್ತೇವೆ.