ಒಂದು ಕಪ್ ಎಂದರೆ ಎಷ್ಟು ಗ್ರಾಂ?

ಕಪ್ ಲೆಕ್ಕದಲ್ಲಿ ಬರೆದಿಟ್ಟುಕೊಂಡಿದ್ದ ಕೇಕ್ ವಿಧಾನಗಳನ್ನೆಲ್ಲ ಗ್ರಾಂ ಲೆಕ್ಕಕ್ಕೆ ತರಬೇಕೆಂದು ಇಂದು ಬೆಳಗ್ಗೆ ಕುಳಿತೆ. ಒಂದೇ ಸಂಖ್ಯೆಯಿಂದ ಗುಣಿಸಿದರೆ ಸಾಕೆಂದುಕೊಂಡಿದ್ದೆ. ಆದರೆ ಕಪ್ ಅಳೆಯುವುದು ಪದಾರ್ಥ ತುಂಬುವ ಜಾಗವನ್ನು, ತಕ್ಕಡಿ ಅಳೆಯುವುದು ಅದರ ತೂಕವನ್ನು, ಮತ್ತು ಇವೆರಡರ ನಂಟು ಆಯಾ ಪದಾರ್ಥದ ಸಾಂದ್ರತೆಗೆ ತಕ್ಕಂತೆ ಬದಲಾಗುತ್ತದೆ. 240 ಮಿಲಿಲೀಟರ್ ಕಪ್ಪಿನಲ್ಲಿ ನೀರು ಸುಮಾರು 240 ಗ್ರಾಂ ತೂಗಿದರೆ, ಸಕ್ಕರೆ ಸುಮಾರು 200 ಗ್ರಾಂ, ಜೇನುತುಪ್ಪ ಸುಮಾರು 340 ಗ್ರಾಂ ತೂಗುತ್ತದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡದ್ದು ಮೈದಾ ಹಿಟ್ಟು. ಚಮಚದಿಂದ ಹಗುರವಾಗಿ ತುಂಬಿ, ಮೇಲ್ಭಾಗವನ್ನು ಚಾಕುವಿನಿಂದ ಸಮ ಮಾಡಿದಾಗ ಸುಮಾರು 120 ಗ್ರಾಂ ಬಂದರೆ, ಅದೇ ಕಪ್ಪನ್ನು ನೇರವಾಗಿ ಡಬ್ಬಿಯೊಳಗೆ ಅದ್ದಿ ಎತ್ತಿದಾಗ ಹಿಟ್ಟು ಒತ್ತಿಕೊಂಡು 150 ಗ್ರಾಮಿನ ಹತ್ತಿರ ಹೋಯಿತು. ಮೂರು ಕಪ್ ಹಿಟ್ಟು ಬೇಡುವ ಕೇಕಿಗೆ ಇದು ಸುಮಾರು 90 ಗ್ರಾಮಿನ ವ್ಯತ್ಯಾಸ. ಕೆಲವೊಮ್ಮೆ ನನ್ನ ಕೇಕ್ ಒಣಗಿ ಗಟ್ಟಿಯಾಗುತ್ತಿದ್ದುದಕ್ಕೆ ಕಾರಣ ಇಲ್ಲಿಯೇ ಇತ್ತೆಂದು ಈಗ ನಂಬುತ್ತೇನೆ.

ಕಪ್ಪಿನ ಅಳತೆಯೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದು 200. ಆದ್ದರಿಂದ ವಿಧಾನ ಯಾವ ದೇಶದ್ದೆಂದು ಮೊದಲು ನೋಡಿಕೊಳ್ಳಬೇಕಾಯಿತು. ಉಪ್ಪು, ಬೇಕಿಂಗ್ ಸೋಡಾಗಳನ್ನು ಮಾತ್ರ ಚಮಚದ ಲೆಕ್ಕದಲ್ಲಿಯೇ ಉಳಿಸಿಕೊಂಡೆ, ಏಕೆಂದರೆ ಒಂದೆರಡು ಗ್ರಾಮನ್ನು ಸರಿಯಾಗಿ ತೋರಿಸುವಷ್ಟು ಸೂಕ್ಷ್ಮತೆ ನನ್ನ ತಕ್ಕಡಿಗಿಲ್ಲ. ಕೋಕೋ ಪುಡಿಯನ್ನು ನಾಳೆ ಜರಡಿ ಹಿಡಿಯುವ ಮೊದಲೊಮ್ಮೆ, ನಂತರವೊಮ್ಮೆ ತೂಗಿ ಬರೆದುಕೊಳ್ಳುತ್ತೇನೆ.